ಕನ್ನಡಿಯ ಮುಂದಣ ಜಾಣತನ

ನಮ್ಮ ಪ್ರೀತಿಯ ಹಳೆಯ ವಿದ್ಯಾರ್ಥಿನಿಯರಿಗೂ, ಮಕ್ಕಳನ್ನು ನಮ್ಮ ವಶಕ್ಕೆ ಒಪ್ಪಿಸಿರುವ ತಾಯ್ತಂದೆಗಳಿಗೂ ಈ ಸಂಚಿಕೆಯ ಮೂಲಕ ನಾಲ್ಕು ಮಾತುಗಳನ್ನು ಹೇಳುವ ಅವಕಾಶ ನಮಗೆ ದೊರೆತಿದೆ. ಗಣಿತವನ್ನಾಗಲಿ ವ್ಯಾಕರಣವನ್ನಾಗಲಿ ಕುರಿತು ಬರೆಯಬಹುದಾಗಿತ್ತು. ಆದರೆ ಪೋಷಕರು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆ ಬೇರೆಯೇ ಆಗಿದೆ. “ಹುಡುಗಿ ಕನ್ನಡಿಯ ಮುಂದಿನಿಂದ ಏಳುವುದಿಲ್ಲ, ಚಿತ್ರನಟಿಯ ಹಾಗೆ ಕೂದಲು ಕತ್ತರಿಸಿಕೊಳ್ಳಬೇಕೆನ್ನುತ್ತಾಳೆ, ಏನು ಮಾಡೋಣ?” ಎಂದು ಕೆಲವರು ಕೇಳುವರು. “ಈಗಿನ ಕಾಲವೇ ಹಾಗೆ, ಬಿಟ್ಟುಬಿಡಿ” ಎಂದು ಕೆಲವರು ಅನ್ನುವರು. ಮೊದಲಿನವರು ಕನ್ನಡಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುವವರು. ಎರಡನೆಯವರು ಮಗಳು ಕನ್ನಡಿಯಲ್ಲಿ ಏನನ್ನು ಕಾಣುತ್ತಾಳೆಂದು ವಿಚಾರಿಸದವರು. ಎರಡರಲ್ಲಿಯೂ ಮಗುವಿಗೆ ಪಾಠ ದೊರೆಯುವುದಿಲ್ಲ. ಅಲಂಕಾರವೂ ಕಲಿಯತಕ್ಕ ವಿಷಯವೇ ಎಂದು ನಾವು ಭಾವಿಸಿದ್ದೇವೆ. ಅದೊಂದು ಆಟ. ಆಟದ ಗುಟ್ಟನ್ನು ಬಲ್ಲವಳು ಅದರಲ್ಲಿ ನಕ್ಕು ನಲಿಯುವಳು. ಅರಿಯದವಳು ಅದರಿಂದ ನೊಂದುಕೊಳ್ಳುವಳು.

ಸೊಗಸನ್ನು ಬಯಸುವುದು ತಪ್ಪೆಂದು ನಾವು ಎಂದೂ ಹೇಳಲಾರೆವು. ಬೇಲೂರಿಗೆ ಪ್ರವಾಸ ಹೋದವರಿಗೆ ದರ್ಪಣಸುಂದರಿಯ ನೆನಪಿರಬೇಕು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವ ದೇವಾಲಯದ ಮದನಿಕೆಗಳಲ್ಲಿ ಅವಳೊಬ್ಬಳು. ಕೈಯಲ್ಲಿ ಕನ್ನಡಿ ಹಿಡಿದು ತನ್ನ ಚೆಲುವನ್ನು ತಾನೇ ನೋಡುತ್ತ ನಿಂತಿದ್ದಾಳೆ. ಒಂಬತ್ತು ಶತಮಾನಗಳಾದರೂ ಅವಳು ಕನ್ನಡಿಯನ್ನು ಕೆಳಗಿಟ್ಟಿಲ್ಲ. ಹೀಗಿರಲು ಹದಿನಾಲ್ಕು ವರ್ಷದ ಬಾಲಕಿ ಹತ್ತು ನಿಮಿಷ ನಿಂತಳೆಂದು ನಾವು ಕೋಪಿಸಿಕೊಳ್ಳುವುದೇಕೆ? ಒಂದು ಮೊಳ ಮಲ್ಲಿಗೆ, ಅಂಗೈಯ ಮದರಂಗಿ, ಹಬ್ಬಕ್ಕೆ ಹೊಲಿಸಿದ ಹೊಸ ಲಂಗ, ಇವು ಕೊಡುವ ಸಂತೋಷ ನಿಜವಾದ ಸಂತೋಷವೇ. ಆ ಸಂತೋಷ ಕೆಡದಂತೆ ಉಳಿಯಬೇಕಾದರೆ ಕೆಲವು ಸಂಗತಿಗಳನ್ನು ತಿಳಿದಿರಬೇಕು.

ಮೊದಲನೆಯದಾಗಿ, ಫ್ಯಾಷನ್ನು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ನೋಡೋಣ. ನಮ್ಮ ಹಿರಿಯ ವಿದ್ಯಾರ್ಥಿನಿಯರು ‘ಸಾಧನಾ ಕಟ್’ ಎಂಬ ಕೇಶಶೈಲಿಯ ಹೆಸರನ್ನು ಮರೆತಿರಲಾರರು. 1960ರಲ್ಲಿ ‘ಲವ್ ಇನ್ ಸಿಮ್ಲಾ’ ಎಂಬ ಹಿಂದೀ ಚಿತ್ರ ತೆರೆಗೆ ಬಂದಿತು. ಅದರ ನಾಯಕಿ ಸಾಧನಾ ಅವರ ಹಣೆ ಅಗಲವಾಗಿದ್ದು ಕ್ಯಾಮೆರಾದ ಮುಂದೆ ಇನ್ನಷ್ಟು ಅಗಲವಾಗಿ ಕಾಣುತ್ತಿತ್ತು. ನಿರ್ದೇಶಕರಾದ ಆರ್. ಕೆ. ನಯ್ಯರ್ ಅವರು ಹಾಲಿವುಡ್ಡಿನ ನಟಿ ಆಡ್ರೆ ಹೆಪ್‌ಬರ್ನ್ ಅವರಂತೆ ಮುಂಗೂದಲನ್ನು ಕತ್ತರಿಸಿ ಹಣೆಯ ಮೇಲೆ ಇಳಿಬಿಡುವ ಉಪಾಯವನ್ನು ಕಂಡುಕೊಂಡರು. ಚಿತ್ರ ಜನಪ್ರಿಯವಾಯಿತು. ಅಂದಿನಿಂದ ದೇಶದ ಊರೂರುಗಳಲ್ಲಿ ಹುಡುಗಿಯರು ಹಣೆಯ ಮೇಲೆ ಕೂದಲನ್ನು ಕತ್ತರಿಸಿಕೊಂಡರು. ಅಗಲ ಹಣೆಯವರೂ ಕತ್ತರಿಸಿಕೊಂಡರು, ಎರಡು ಬೆರಳು ಅಗಲದ ಹಣೆಯವರೂ ಕತ್ತರಿಸಿಕೊಂಡರು! ಒಬ್ಬರ ತೊಡಕಿಗೆಂದು ಹೂಡಿದ ಉಪಾಯವು ತೊಡಕೇ ಇಲ್ಲದವರಿಗೂ ಅಲಂಕಾರವಾಯಿತು.

ಈ ಕಥೆಯಿಂದ ಎರಡು ಮಾತುಗಳನ್ನು ಕಲಿಯಬಹುದು. ತೆರೆಯ ಮೇಲಿನ ಚೆಲುವೆಗೂ ‘ಇದು ಹೀಗಿರಬಾರದಾಗಿತ್ತು’ ಎನಿಸುವ ಅಂಗವೊಂದು ಇದ್ದೇ ಇರುತ್ತದೆ; ಅದನ್ನು ಮರೆಮಾಡಲು ಅವಳ ಹಿಂದೆ ಹತ್ತು ಜನ ದುಡಿಯುತ್ತಾರೆ. ಅಲ್ಲದೆ, ಯಾವುದೊಂದು ರೀತಿ ಬಳಕೆಗೆ ಬಂದಿತೆಂದ ಮಾತ್ರಕ್ಕೆ ಅದು ನಮಗೆ ಒಪ್ಪುತ್ತದೆಂದಲ್ಲ. ಹಾಗೆಂದು ಅನುಕರಣವನ್ನು ನಾವು ಹಳಿಯುವುದಿಲ್ಲ. ಶಾಲೆಯ ಹಳೆಯ ಭಾವಚಿತ್ರಗಳನ್ನು ಒಮ್ಮೆ ತೆಗೆದು ನೋಡಿರಿ: ಬುಗ್ಗೆ ಕೈಯ ರವಿಕೆ, ಮಡಿಸಿ ಕಟ್ಟಿದ ಎರಡು ಜಡೆ, ಕಿವಿಗಿಂತ ದೊಡ್ಡದಾದ ರಿಬ್ಬನ್ನು! ಅವುಗಳನ್ನು ನೋಡಿ ಇಂದು ನಗು ಬರುವುದಾದರೆ, ಇಂದಿನ ಮಗಳ ಹರಿದಂತೆ ಕಾಣುವ ಷರಾಯಿಯನ್ನೂ ಅದೇ ನಗೆಯಿಂದ ನೋಡಬಹುದು. ಇನ್ನು ಇಪ್ಪತ್ತು ವರ್ಷಗಳಾದ ಮೇಲೆ ಅವಳೇ ಅದನ್ನು ನೋಡಿ ನಗುವಳು.

ಎರಡನೆಯದಾಗಿ, ನಾವು ನೋಡುವ ಚಿತ್ರ ಹೇಗೆ ಸಿದ್ಧವಾಗುತ್ತದೆಂಬುದನ್ನು ಅರಿಯಬೇಕು. ಮೂಕಿಚಿತ್ರಗಳ ಮೊದಲ ಕಾಲದ ಫಿಲ್ಮಿಗೆ ಕೆಂಪು ಬಣ್ಣವನ್ನು ಗ್ರಹಿಸುವ ಶಕ್ತಿ ಇರಲಿಲ್ಲ. ಕೆಂಪು ತುಟಿ ಕಪ್ಪಾಗಿಯೂ ಕೆನ್ನೆಯ ಕೆಂಪು ಕಲೆಯಾಗಿಯೂ ಮೂಡುತ್ತಿದ್ದವು. ಆ ದೋಷವನ್ನು ತಪ್ಪಿಸಲು ನಟನಟಿಯರು ಮುಖಕ್ಕೆ ವಿಚಿತ್ರವಾದ ಬಣ್ಣಗಳನ್ನು ಬಳಿದುಕೊಳ್ಳುತ್ತಿದ್ದರು. ಮುಂದೆ ಫಿಲ್ಮು ಸುಧಾರಿಸಿ ಬಣ್ಣದ ಚಿತ್ರಗಳು ಬಂದಾಗ, 1930ರ ದಶಕದ ಕೊನೆಯಲ್ಲಿ, ಹಾಲಿವುಡ್ಡಿನ ಮ್ಯಾಕ್ಸ್ ಫ್ಯಾಕ್ಟರ್ ಸಂಸ್ಥೆಯವರು ಪ್ರಖರವಾದ ದೀಪಗಳ ಕೆಳಗೆ ಮುಖ ಮಿರುಗದಂತೆ ‘ಪ್ಯಾನ್-ಕೇಕ್’ ಎಂಬ ಲೇಪವನ್ನು ಸಿದ್ಧಪಡಿಸಿದರು. ಕ್ಯಾಮೆರಾಕ್ಕೆಂದು ಹುಟ್ಟಿದ ಆ ವಸ್ತು ಬಹುಬೇಗ ಅಂಗಡಿಗೆ ಬಂದು ಸಾಮಾನ್ಯ ಸ್ತ್ರೀಯರ ಮೇಜನ್ನು ಸೇರಿತು. ದೀಪ, ಮಸೂರ, ಲೇಪ, ತಿದ್ದುಗೆ, ಈ ನಾಲ್ಕೂ ಕೂಡಿದರೆ ಒಂದು ಚಿತ್ರ. ಇಂದು ಆ ತಿದ್ದುಗೆಯ ಕೆಲಸವನ್ನು ಮೊಬೈಲು ಕಣ್ಣುಮಿಟುಕುವಷ್ಟರಲ್ಲಿ ಮಾಡುತ್ತದೆ: ಚರ್ಮವನ್ನು ನುಣುಪು ಮಾಡುತ್ತದೆ, ಕಣ್ಣನ್ನು ಹಿಗ್ಗಿಸುತ್ತದೆ, ಗಲ್ಲವನ್ನು ಕಿರಿದು ಮಾಡುತ್ತದೆ. ಇದನ್ನು ಆಟವೆಂದು ಆಡಿದರೆ ಬಹಳ ವಿನೋದ. ಬೆಕ್ಕಿನ ಕಿವಿಯನ್ನು ಅಂಟಿಸಿಕೊಂಡು ನಗುವ ಬಾಲಕಿಗೆ ತಾನು ಬೆಕ್ಕಲ್ಲವೆಂಬುದು ಗೊತ್ತಿದೆ. ನುಣುಪು ಮಾಡಿದ ಕೆನ್ನೆಯೂ ಬೆಕ್ಕಿನ ಕಿವಿಯಷ್ಟೇ ಸತ್ಯವೆಂಬುದನ್ನು ಅವಳಿಗೆ ತಿಳಿಸಿಕೊಡುವುದು ನಮ್ಮ ಕರ್ತವ್ಯ.

ಮೂರನೆಯದು ಮಾರುವವನ ಮಾತು. 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಭಾರತದ ಚಿತ್ರನಟಿಯೊಬ್ಬರು ಮೊದಲ ಬಾರಿಗೆ ಕಾಣಿಸಿಕೊಂಡರು. ಅವರು ಲೀಲಾ ಚಿಟ್ನೀಸ್. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1909ರಲ್ಲಿ. ಸಭ್ಯ ಮನೆತನದ ಹೆಣ್ಣುಮಕ್ಕಳು ಚಿತ್ರರಂಗಕ್ಕೆ ಹೋಗಲು ಹಿಂಜರಿಯುತ್ತಿದ್ದ ಕಾಲದಲ್ಲಿ ಅವರು ವಿದ್ಯಾವಂತೆಯಾಗಿ ಆ ರಂಗವನ್ನು ಪ್ರವೇಶಿಸಿದರು. ‘ಕಂಗನ್’, ‘ಬಂಧನ್’, ‘ಝೂಲಾ’ ಚಿತ್ರಗಳಲ್ಲಿ ಅಶೋಕ್ ಕುಮಾರರ ಎದುರು ನಾಯಕಿಯಾಗಿ ಹೆಸರು ಪಡೆದರು. ಮುಂದೆ ನಾಯಕಿಯ ವಯಸ್ಸು ದಾಟಿದಾಗ ‘ಆವಾರಾ’ದಲ್ಲಿಯೂ (1951) ‘ಗೈಡ್’ನಲ್ಲಿಯೂ (1965) ತಾಯಿಯ ಪಾತ್ರವನ್ನು ವಹಿಸಿದರು. ಅವರ ಕೀರ್ತಿಗೆ ಅಭಿನಯವೂ ದುಡಿಮೆಯೂ ಕಾರಣವಾದವೇ ಹೊರತು ಸಾಬೂನಲ್ಲ. ಸಾಬೂನು ಎಂದರೆ ಎಣ್ಣೆಗೂ ಕ್ಷಾರಕ್ಕೂ ಆದ ಸಂಯೋಗ. ಅದರ ಕಣದ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಹೀಗೆ ಕೊಳೆ ತೊಲಗುತ್ತದೆ. ಇಷ್ಟನ್ನು ಎಲ್ಲ ಸಾಬೂನುಗಳೂ ಮಾಡುತ್ತವೆ. ಮೈಸೂರಿನ ಗಂಧದ ಸಾಬೂನಿನ ಪರಿಮಳ ನಮಗೂ ಬಹಳ ಇಷ್ಟ. ಪರಿಮಳಕ್ಕೆ ಹಣ ಕೊಡುವುದು ತಪ್ಪಲ್ಲ. ಸಾಬೂನಿನಿಂದ ಭಾಗ್ಯ ಬದಲಾಗುವುದೆಂದು ನಂಬಿ ಹಣ ಕೊಡುವುದು ಮಾತ್ರ ಅವಿವೇಕ.

ಇನ್ನು ನಾಲ್ಕನೆಯ ವಿಷಯ. ಇದರಲ್ಲಿ ನಗುವುದಕ್ಕೆ ಅವಕಾಶ ಕಡಿಮೆ. ಆದಕಾರಣ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ. ಶಾಲೆಯ ನಾಟಕಕ್ಕೆ ಪಾತ್ರಗಳನ್ನು ಹಂಚುವಾಗ, ಸ್ಪಷ್ಟವಾದ ಕಂಠವೂ ಒಳ್ಳೆಯ ಜ್ಞಾಪಕಶಕ್ತಿಯೂ ಉಳ್ಳ ಬಾಲಕಿ “ರಾಣಿಯ ಪಾತ್ರ ನನಗೆ ಬೇಡ, ದಾಸಿಯ ಪಾತ್ರ ಕೊಡಿ” ಎಂದು ಹಿಂದೆ ಸರಿಯುವುದನ್ನು ನಾವು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇವೆ. ಕಾರಣ ಕೇಳಿದರೆ ಉತ್ತರವಿಲ್ಲ. ತನ್ನ ಕೈಯ ಬಣ್ಣವನ್ನು ತಾನೇ ನೋಡಿಕೊಂಡು ತಲೆ ತಗ್ಗಿಸುವಳು. ರಾಣಿ ಬೆಳ್ಳಗಿರಬೇಕೆಂದು ಅವಳಿಗೆ ಹೇಳಿದವರು ಯಾರು?

ಈ ಬಣ್ಣದ ವಿಚಾರವಾಗಿ ಶಾಸ್ತ್ರ ಹೇಳುವುದು ಬಹಳ ಸರಳವಾಗಿದೆ. ಚರ್ಮದ ಮೇಲುಪದರದ ತಳದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವ ಜೀವಕೋಶಗಳಿವೆ. ಕಪ್ಪಗಿರುವವರಲ್ಲಿಯೂ ಬೆಳ್ಳಗಿರುವವರಲ್ಲಿಯೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ; ಅವು ತಯಾರಿಸುವ ಮೆಲನಿನ್ನಿನ ಪ್ರಮಾಣದಲ್ಲಿಯೂ ಬಗೆಯಲ್ಲಿಯೂ ಮಾತ್ರ ವ್ಯತ್ಯಾಸ. ಈ ದ್ರವ್ಯವು ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆದು ಚರ್ಮವನ್ನು ಕಾಪಾಡುತ್ತದೆ. ನಮ್ಮಂಥ ಬಿಸಿಲು ನಾಡಿನವರಿಗೆ ಇದು ಹುಟ್ಟಿನಿಂದಲೇ ದೊರೆತ ಕೊಡೆ. ಕೊಡೆ ಹಿಡಿದವರು ನಾಚಿಕೊಳ್ಳುವುದುಂಟೇ?

ಆದರೂ ಈ ಕೊಡೆಯನ್ನು ಕಳಚಿಕೊಡುವೆವೆಂದು ಮಾರುವವರಿಗೆ ನಮ್ಮ ದೇಶದಲ್ಲಿ ಒಳ್ಳೆಯ ಸುಗ್ಗಿಯಾಯಿತು. 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಎಂಬ ಲೇಪ ಮಾರುಕಟ್ಟೆಗೆ ಬಂದಿತು. ಕಪ್ಪಗಿದ್ದಾಗ ಕೆಲಸವೂ ವರನೂ ದೊರೆಯದ ಹುಡುಗಿಗೆ ಬೆಳ್ಳಗಾದೊಡನೆ ಎರಡೂ ದೊರೆತವೆಂಬ ಬಗೆಯ ಜಾಹೀರಾತುಗಳನ್ನು ಎರಡು ತಲೆಮಾರಿನ ಹೆಣ್ಣುಮಕ್ಕಳು ನೋಡಿದರು. 2014ರಲ್ಲಿ ಭಾರತೀಯ ಜಾಹೀರಾತು ಮಾನದಂಡ ಮಂಡಳಿಯು ಕಪ್ಪುಬಣ್ಣದವರನ್ನು ಕೀಳಾಗಿಯೂ ದುಃಖಿಗಳಾಗಿಯೂ ತೋರಿಸಕೂಡದೆಂದು ನಿಯಮ ಮಾಡಿತು. 2020ರಲ್ಲಿ ಆ ಲೇಪದ ಹೆಸರೇ ‘ಗ್ಲೋ ಅಂಡ್ ಲವ್ಲಿ’ ಎಂದು ಬದಲಾಯಿತು. ಡಬ್ಬಿಯ ಮೇಲಣ ಹೆಸರು ಬದಲಾಯಿತು. ಮನೆಯೊಳಗಣ ಮಾತು ಬದಲಾಗಿದೆಯೇ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾಗಿದೆ.

ಬರಿಯ ಮನಸ್ಸಿನ ನೋವಾಗಿದ್ದರೆ ಇಷ್ಟು ಹೇಳಿ ನಿಲ್ಲಿಸುತ್ತಿದ್ದೆವು. ದೇಹಕ್ಕೂ ಇದರಿಂದ ಕೇಡುಂಟು. ತಯಾರಕರ ಹೆಸರಾಗಲಿ ಒಳಗಿರುವ ವಸ್ತುಗಳ ವಿವರವಾಗಲಿ ಇಲ್ಲದೆ ಮಾರಾಟವಾಗುವ ಕೆಲವು ಬಿಳುಪಿನ ಲೇಪಗಳಲ್ಲಿ ಪಾದರಸದ ಸಂಯುಕ್ತಗಳಿರುವುದುಂಟು. ಅವು ಚರ್ಮದ ಮೂಲಕ ರಕ್ತವನ್ನು ಸೇರಿ ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಇನ್ನು ಕೆಲವರು ಇಸುಬು ಮೊದಲಾದ ಚರ್ಮರೋಗಗಳಿಗೆಂದು ವೈದ್ಯರು ಕೊಡುವ ಸ್ಟೀರಾಯ್ಡ್ ಮುಲಾಮನ್ನು ಮುಖದ ಬಿಳುಪಿಗೆಂದು ತಿಂಗಳುಗಟ್ಟಲೆ ಹಚ್ಚುವರು. ಮೊದಲಲ್ಲಿ ಮುಖ ತಿಳಿಯಾದಂತೆ ತೋರುತ್ತದೆ. ಬಳಿಕ ಚರ್ಮ ತೆಳ್ಳಗಾಗಿ, ಕೆಂಪು ನರಗಳು ಎದ್ದು ಕಂಡು, ಮೊಡವೆಗಳು ತುಂಬಿ, ಮುಖದಲ್ಲಿ ಕೂದಲು ಹುಟ್ಟುವುದೂ ಉಂಟು. ಬಿಟ್ಟರೆ ಉರಿ ಹೆಚ್ಚುವುದರಿಂದ ಬಿಡಲೂ ಆಗುವುದಿಲ್ಲ. ನೆರೆಮನೆಯವರು ಹೇಳಿದರೆಂದು ಇಂಥವನ್ನು ಮಗಳ ಕೈಗೆ ಕೊಡಬೇಡಿರಿ. ಈಗಾಗಲೇ ಹಚ್ಚುತ್ತಿದ್ದರೆ ಚರ್ಮವೈದ್ಯರನ್ನು ಕಂಡು ಅವರು ಹೇಳಿದಂತೆ ಬಿಡಿಸಿರಿ.

ತಾಯ್ತಂದೆಗಳಲ್ಲಿ ನಮ್ಮ ವಿನಂತಿ ಇಷ್ಟೇ. ಜಾಹೀರಾತು ಎಲ್ಲರಿಗಾಗಿ ಮಾತನಾಡುತ್ತದೆ. ಆದರೆ ಸೋದರತ್ತೆ “ಇವಳು ಅಕ್ಕನಷ್ಟು ಬೆಳ್ಳಗಿಲ್ಲ” ಎಂದರೆ ಆ ಮಾತು ಒಬ್ಬಳಿಗೇ ತಾಗುತ್ತದೆ. ತಮಾಷೆಯಾಗಿ ಅಂದೆನೆಂದು ಅನಂತರ ಹೇಳಬಹುದು. ಆಟದಲ್ಲಿ ನಗುವ ಹಕ್ಕು ಆಡುವವಳಿಗೆ ಸೇರಿದ್ದು. ಅವಳ ಮೈಬಣ್ಣವನ್ನು ಕುರಿತು ಮತ್ತೊಬ್ಬರು ನಗುವುದು ವಿನೋದವೆನಿಸದು.

ಅಲಂಕಾರವನ್ನು ಆಟವೆಂದು ಆಡಿ, ಆಟ ಮುಗಿದೊಡನೆ ಹಗುರವಾಗಿ ಎದ್ದುಹೋದವರ ನಿದರ್ಶನವನ್ನೂ ಕೊಡಬೇಕಷ್ಟೆ. ಗೋವಾ ಮೂಲದ ಮನೆತನದಲ್ಲಿ ಮುಂಬಯಿಯಲ್ಲಿ ಹುಟ್ಟಿದ ರೀಟಾ ಫಾರಿಯಾ ಅವರು ಅಲ್ಲಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿಯಾಗಿದ್ದಾಗ, 1966ರಲ್ಲಿ, ಲಂಡನ್ನಿನಲ್ಲಿ ವಿಶ್ವಸುಂದರಿಯ ಕಿರೀಟವನ್ನು ಧರಿಸಿದರು. ಆ ಕಿರೀಟವನ್ನು ಪಡೆದ ಭಾರತೀಯರಲ್ಲಿ ಅವರೇ ಮೊದಲಿಗರು. ಒಂದು ವರ್ಷ ದೇಶದೇಶಗಳನ್ನು ಸುತ್ತಿದರು. ಆಮೇಲೆ ಚಲಚ್ಚಿತ್ರಗಳ ಕರೆಯನ್ನು ಒಲ್ಲೆನೆಂದು ಪುಸ್ತಕಗಳಿಗೆ ಹಿಂದಿರುಗಿ, ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ವ್ಯಾಸಂಗವನ್ನು ಮುಂದುವರಿಸಿ ವೈದ್ಯೆಯಾದರು. ಕಿರೀಟ ಧರಿಸಿದ್ದಕ್ಕೆ ಅವರು ನಾಚಿಕೊಳ್ಳಲಿಲ್ಲ; ಅದರಲ್ಲಿಯೇ ಜೀವಮಾನವನ್ನು ಕಳೆಯಲೂ ಇಲ್ಲ.

ಇಷ್ಟನ್ನೆಲ್ಲ ಓದಿದವರಿಗೆ ಮನೆಯಲ್ಲಿ ಬಳಸಲು ಅನುಕೂಲವಾಗುವಂತೆ ನಾಲ್ಕು ಪ್ರಶ್ನೆಗಳನ್ನು ಇಲ್ಲಿ ಕೊಡುತ್ತೇವೆ. ಹೊಸ ಉಡುಪಿನ, ಹೊಸ ಲೇಪದ ಅಥವಾ ಹೊಸ ಕೇಶಶೈಲಿಯ ಆಸೆ ಹುಟ್ಟಿದಾಗ ತಾಯಿಮಗಳು ಒಟ್ಟಿಗೆ ಕುಳಿತು ಇವುಗಳಿಗೆ ಉತ್ತರ ಹುಡುಕಲಿ.

1. ಇದನ್ನು ತೊಟ್ಟರೆ ನನಗೆ ಸಂತೋಷವೋ, ತೊಡದಿದ್ದರೆ ನಾಲ್ವರು ಏನೆನ್ನುವರೋ ಎಂಬ ಭಯವೋ? “ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂದು ಹಿರಿಯರು ಹೇಳಿದ್ದುಂಟು. ನೋಟದಲ್ಲಿಯೂ ಅರ್ಧಪಾಲಾದರೂ ತನ್ನಿಚ್ಛೆ ಇರಲಿ ಎಂಬುದು ನಮ್ಮ ತಿದ್ದುಪಡಿ.

2. ನಾನು ನೋಡಿದ ಚಿತ್ರದಲ್ಲಿ ದೀಪವೆಷ್ಟು, ತಿದ್ದುಗೆಯೆಷ್ಟು, ಮುಖವೆಷ್ಟು?

3. ಇದರಲ್ಲಿ ಏನೇನಿದೆ? ಚೀಟಿಯನ್ನು ಓದಿ, ಅವಧಿ ಮುಗಿಯುವ ತಾರೀಖನ್ನು ನೋಡಿ, ಮೊದಲು ಮುಂಗೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ಕಾಯುವುದು ಕ್ಷೇಮ.

4. ಇದರ ಬೆಲೆ ನಮ್ಮ ಮನೆಯ ಹಾಸಿಗೆಯೊಳಗಿದೆಯೇ? ಕಾಲು ಹೊರಗೆ ಚಾಚುವಂತಿದ್ದರೆ ಗೆಳತಿಯ ಜೊತೆ ಒಂದು ದಿನದ ಮಟ್ಟಿಗೆ ರವಿಕೆ, ಬಳೆಗಳನ್ನು ಬದಲಾಯಿಸಿಕೊಳ್ಳಬಹುದು; ಆ ವಿನೋದಕ್ಕೆ ಖರ್ಚಿಲ್ಲ.

ಹಳೆಯ ವಿದ್ಯಾರ್ಥಿನಿಯರೇ, ಈ ಸಮಾರಂಭಕ್ಕೆ ನೀವು ನಿಮಗೆ ಒಪ್ಪುವ ಬಣ್ಣದ ಸೀರೆಯನ್ನುಟ್ಟು, ಇಷ್ಟವಾದ ಹೂವನ್ನು ಮುಡಿದು ಬರುವಿರೆಂದು ನಂಬಿದ್ದೇವೆ. ನಿಮ್ಮನ್ನು ನೋಡಿ ಚಿಕ್ಕ ತರಗತಿಯ ಬಾಲಕಿಯರು ಕಣ್ಣರಳಿಸುವರು, ಹಾಗೆ ಅರಳಲಿ. ಸೀರೆ ಎಲ್ಲಿ ಕೊಂಡಿರೆಂದು ಕೇಳಿದರೆ ಹೇಳಿರಿ. ಜೊತೆಗೆ ನೀವು ಈಗ ಮಾಡುತ್ತಿರುವ ಕೆಲಸವನ್ನೂ ಅವರಿಗೆ ತಿಳಿಸಿರಿ. ಈ ವರ್ಷದ ನಾಟಕಕ್ಕೆ ಪಾತ್ರಗಳನ್ನು ಇನ್ನೂ ಹಂಚಿಲ್ಲ. ರಾಣಿಯ ಪಾತ್ರವನ್ನು ಕೇಳಲು ಹಿಂಜರಿಯುತ್ತಿರುವ ಮಗು ಯಾವುದೆಂದು ನಮಗೆ ಗೊತ್ತಿದೆ. ಅವಳಿಗೆ ನಿಮ್ಮ ಒಂದು ಮಾತು ನಮ್ಮ ಹತ್ತು ಪಾಠಗಳಿಗಿಂತ ಹೆಚ್ಚಿನ ಧೈರ್ಯವನ್ನು ಕೊಡಬಲ್ಲದು.