ಆಯುಧಪೂಜೆಯ ಮರುದಿನದ ಪುರಿ ಉಪ್ಪಿಟ್ಟು

ಆಯುಧಪೂಜೆ ಮುಗಿದ ರಾತ್ರಿ ಶ್ರೀರಾಂಪುರದಲ್ಲಿ ಕಡ್ಲೆಪುರಿ ಇಲ್ಲದ ಮನೆ ಸಿಗುವುದು ಕಷ್ಟ. ಆಟೊ ಸ್ಟ್ಯಾಂಡಿನದು ಒಂದು ಪೊಟ್ಟಣ, ಲೇತ್ ಅಂಗಡಿಯದು ಒಂದು, ಮಗ ಕೆಲಸಕ್ಕೆ ಹೋಗುವ ಗ್ಯಾರೇಜಿನದು ಇನ್ನೊಂದು. ಎಲ್ಲದರಲ್ಲೂ ಒಂದು ಬಾಳೆಹಣ್ಣು, ಒಂದಿಷ್ಟು ಹುರಿಗಡಲೆ, ಬತ್ತಾಸು. ಆಶ್ವಯುಜದ ಮಳೆ ಒಂದು ಸಂಜೆ ಸುರಿದರೆ ಸಾಕು, ಬೆಳಗಾಗುವಷ್ಟರಲ್ಲಿ ಪುರಿ ಮೆತ್ತಗಾಗಿರುತ್ತದೆ. ಆಗ ಅದಕ್ಕೆ ಉಪ್ಪಿಟ್ಟಿನ ಯೋಗ.

ಈ ಉಪ್ಪಿಟ್ಟನ್ನು ನನಗೆ ಕಲಿಸಿದವರು ಕೆಳಮನೆಯ ಅಕ್ಕ. ಅದಕ್ಕೆ ಹತ್ತು ದಿನ ಮೊದಲು ನಾನು ಅವರ ಮನಸ್ಸು ಮುರಿದಿದ್ದೆ.

ಅದೇ ವರ್ಷ ನಾನು ಹಾಲು ಬಿಟ್ಟಿದ್ದೆ. ಊರಾಚೆಯ ಒಂದು ಕೊಟ್ಟಿಗೆಯಲ್ಲಿ ನಾಲ್ಕು ದಿನದ ಗಂಡುಕರುವೊಂದನ್ನು ತಾಯಿಯಿಂದ ಒಂದು ಮಾರು ದೂರಕ್ಕೆ ಕಟ್ಟಿದ್ದರು. ಹಗ್ಗ ಬಿಗಿಯಾಗುವ ತನಕ ಅದು ಮುಂದೆ ಬರುತ್ತಿತ್ತು, ನಿಲ್ಲುತ್ತಿತ್ತು, ನಾಲಿಗೆ ಚಾಚಿ ಗಾಳಿಯನ್ನೇ ನೆಕ್ಕುತ್ತಿತ್ತು. ಅಂದಿನಿಂದ ನನ್ನ ಕಾಫಿಗೆ ಹಾಲಿಲ್ಲ, ಅನ್ನಕ್ಕೆ ತುಪ್ಪವಿಲ್ಲ. ಈ ತೀರ್ಮಾನದಲ್ಲಿ ನನಗೆ ಇವತ್ತಿಗೂ ಎರಡು ಮನಸ್ಸಿಲ್ಲ. ತಪ್ಪಿದ್ದು ಆಮೇಲೆ. ಕಂಡ ಕಂಡವರ ತಟ್ಟೆಯ ಮೇಲೆ ನನ್ನ ಕಣ್ಣು ಬೀಳತೊಡಗಿತು.

ಮಹಾಲಯ ಅಮಾವಾಸ್ಯೆಯ ಸಂಜೆ ಅಕ್ಕ ಹಿರಿಯರಿಗೆ ಎಡೆ ಇಟ್ಟಿದ್ದರು. ಅವರಪ್ಪ ಮಿಲ್ಲಿನಲ್ಲಿ ದುಡಿದು ಸವೆದವರು. ಹೊಸ ಪಂಚೆ, ಎಲೆಯಡಿಕೆ, ಬೀಡಿ ಕಟ್ಟು, ಬಾಳೆಎಲೆಯ ತುಂಬ ಮಾಂಸದ ಸಾರು, ಮುದ್ದೆ. ಮೆಟ್ಟಿಲಿಳಿಯುತ್ತಿದ್ದ ನಾನು ಬಾಗಿಲಲ್ಲೇ ನಿಂತು, “ಸತ್ತವರ ಹೆಸರಲ್ಲಿ ಇನ್ನೊಂದು ಜೀವ ಯಾಕಕ್ಕ ತೆಗೀಬೇಕು?” ಅಂದೆ. ಅವರು ಊದುಬತ್ತಿ ಹಚ್ಚುತ್ತಿದ್ದ ಕೈ ನಿಲ್ಲಿಸಿದರು. “ನಮ್ಮಪ್ಪನಿಗೆ ಇಷ್ಟವಾದದ್ದು ವರ್ಷಕ್ಕೊಂದ್ಸಲ ಇಡ್ತೀನಿ ಕಣಮ್ಮ” ಅಂತ ಹೇಳಿ ಬಾಗಿಲು ಮುಂದೆ ಮಾಡಿದರು. ನವರಾತ್ರಿಯುದ್ದಕ್ಕೂ ನಮ್ಮ ಮಾತು ನಿಂತುಹೋಯಿತು. ಒಂದೇ ನಲ್ಲಿಗೆ ಬಿಂದಿಗೆ ಇಡುವವರು ಮಾತು ಬಿಟ್ಟರೆ ಮನೆ ಎಷ್ಟು ಭಾರವಾಗುತ್ತದೆ ಎಂದು ವಠಾರದಲ್ಲಿ ಬಾಳಿದವರಿಗೆ ಗೊತ್ತು.

ವಿಜಯದಶಮಿಯ ಬೆಳಗ್ಗೆ ಅವರೇ ಮೇಲೆ ಬಂದರು. ಕೈಯಲ್ಲಿ ಮುಚ್ಚಿದ ಸ್ಟೀಲ್ ಡಬ್ಬಿ. “ಇದರಲ್ಲಿ ಹಾಲಿಲ್ಲ, ತುಪ್ಪ ಇಲ್ಲ. ನೀನು ತಿನ್ನಬಹುದು.” ಅವರ ಅಪ್ಪನ ಎಡೆಯನ್ನು ಹಳಿದವಳು ನಾನು, ನಾನು ಏನು ತಿನ್ನುವುದಿಲ್ಲ ಎಂಬುದನ್ನು ನೆನಪಿಟ್ಟು ಅಡಿಗೆ ಮಾಡಿದವರು ಅವರು. ಡಬ್ಬಿ ತೆಗೆದಾಗ ಬಂದ ನಿಂಬೆಹಣ್ಣಿನ, ಕರಿಬೇವಿನ ಘಮ ಮರೆತಿಲ್ಲ. ತಿನ್ನುವ ಮೊದಲೇ ತಪ್ಪಾಯಿತು ಅಂದೆ. “ತಿನ್ನು ಮೊದಲು, ಆರಿಹೋಗುತ್ತೆ” ಅಂದರು.

ನಾಲ್ಕು ಜನಕ್ಕೆ ಎರಡು ಸೇರು ಪುರಿ ಬೇಕು. ನೋಡುವುದಕ್ಕೆ ಬೆಟ್ಟದಷ್ಟು, ನೆನೆದರೆ ಬೊಗಸೆಯಷ್ಟು. ಬಾಣಲೆಗೆ ಕಡಲೆಕಾಯಿ ಎಣ್ಣೆ ಮೂರು ಚಮಚ, ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಒಂದು ಹಿಡಿ ಕಡಲೆಬೀಜ. ಬೀಜ ಕೆಂಪಗಾದ ಮೇಲೆ ಸೀಳಿದ ಹಸಿಮೆಣಸಿನಕಾಯಿ ಐದು, ಕರಿಬೇವು, ಎರಡು ಈರುಳ್ಳಿ, ಚಿಟಿಕೆ ಅರಿಶಿನ, ಒಂದು ಟೊಮೆಟೊ, ಉಪ್ಪು. ಟೊಮೆಟೊ ಕರಗುವ ತನಕ ಪುರಿಯನ್ನು ಮುಟ್ಟಬೇಡಿ. ಹದವೆಲ್ಲ ಇರುವುದು ಹಿಂಡುವುದರಲ್ಲಿ. ಪುರಿಯನ್ನು ನೀರಿಗೆ ಹಾಕಿ, ಅರ್ಧ ನಿಮಿಷ ಕೈಯಲ್ಲಿ ಅದ್ದಿ ಅದ್ದಿ ಮುಳುಗಿಸಿ, ಎರಡು ಅಂಗೈಗಳ ನಡುವೆ ಒತ್ತಿ ತೆಗೆಯಬೇಕು. ಮುಷ್ಟಿ ಕಟ್ಟಿ ಹಿಂಡಿದರೆ ಹಿಟ್ಟಿನ ಮುದ್ದೆ, ನೀರು ಉಳಿದರೆ ಗಂಜಿ. ಮೊದಲ ಸಲ ನಾನು ಮುಷ್ಟಿ ಕಟ್ಟಿದೆ. ಅಕ್ಕ ನನ್ನ ಬೆರಳು ಬಿಡಿಸಿ, ಅಂಗೈ ಮೇಲೆ ಅಂಗೈ ಇಟ್ಟು ತೋರಿಸಿದರು. ಪುರಿ ಒಗ್ಗರಣೆಗೆ ಬಿದ್ದ ಮೇಲೆ ಎರಡೇ ನಿಮಿಷ. ಹುರಿಗಡಲೆ, ಒಣಕೊಬ್ಬರಿ ಸೇರಿಸಿ ಪುಡಿ ಮಾಡಿದ್ದು ಮೂರು ಚಮಚ ಉದುರಿಸಿ, ಒಲೆ ಆರಿಸಿ, ಆಮೇಲೆ ನಿಂಬೆರಸ, ಕೊತ್ತಂಬರಿ ಸೊಪ್ಪು. ದಾವಣಗೆರೆಯವರು ಒಗ್ಗರಣೆ ಮಂಡಕ್ಕಿ ಎನ್ನುವುದೂ, ಉತ್ತರ ಕರ್ನಾಟಕದವರು ಸುಸಲ ಎನ್ನುವುದೂ ಇದರ ಅಕ್ಕತಂಗಿಯರೇ.

ಅಂದು ಉಪ್ಪಿಟ್ಟು ತಿನ್ನುತ್ತ ನಾನು ಒಂದು ಲೆಕ್ಕ ಹಾಕಿದೆ. ತಲೆತಲಾಂತರದಿಂದ ಮಾಂಸ ಮುಟ್ಟದ ನನ್ನ ತವರಿನಲ್ಲಿ ದಿನಕ್ಕೆ ಒಂದೂವರೆ ಲೀಟರ್ ಹಾಲು, ಹೆಪ್ಪಿಗೆ ಬೇರೆ, ಹಬ್ಬಕ್ಕೆ ತುಪ್ಪದ ಡಬ್ಬ. ಅಕ್ಕನ ಮನೆಯಲ್ಲಿ ಬೆಳಗ್ಗೆ ಟೀಗೆ ಒಂದು ಪುಟ್ಟ ಪ್ಯಾಕೆಟ್, ಮಧ್ಯಾಹ್ನ ಸೊಪ್ಪಿನ ಸಾರು ಮುದ್ದೆ, ಮಾಂಸ ಹಬ್ಬಕ್ಕೆ. ಆ ಕರು ಯಾರ ಮನೆಯ ಹಾಲಿಗಾಗಿ ಹೆಚ್ಚು ಹಸಿದಿತ್ತು? ಉಪದೇಶ ಮಾಡಲು ನಾನು ಆರಿಸಿಕೊಂಡದ್ದು ಮಾತ್ರ ಅಕ್ಕನ ಬಾಗಿಲನ್ನು. ಅವರ ಮೊಮ್ಮಗಳಿಗೆ ಹಾಲು ಸಿಗುವುದು ಶಾಲೆಯಲ್ಲಿ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ 150 ಮಿಲಿಲೀಟರ್. ಆ ಲೋಟದ ಬಗ್ಗೆ ನಾನು ತುಟಿ ಬಿಚ್ಚುವುದಿಲ್ಲ.

ಡಬ್ಬಿ ತೊಳೆದು ಕೊಡಲು ಕೆಳಗಿಳಿದಾಗ ಆಟೊ ಸ್ಟ್ಯಾಂಡಿನ ಮುಂದೆ ಒಡೆದ ಬೂದುಗುಂಬಳ ಬಿದ್ದಿತ್ತು, ಬಿಳಿ ತಿರುಳಿಗೆಲ್ಲ ಕುಂಕುಮ. ಪ್ರಾಣಿಬಲಿಯ ಬದಲಿಗೆ ಬಂದ ಕಾಯಿ ಅದು ಎಂದು ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಸರಿಯಾಗಿ ನೋಡಿದ್ದು ಅಂದೇ. ಪ್ರಾಣಿಬಲಿ ತಡೆಯುವ ಕಾಯ್ದೆ ನಮ್ಮ ರಾಜ್ಯದಲ್ಲಿ 1959ರಿಂದ ಇದೆ, ಜಾತ್ರೆಗಳಲ್ಲಿ ಪೊಲೀಸರನ್ನು ನಿಲ್ಲಿಸಬೇಕಾದ ಪರಿಸ್ಥಿತಿಯೂ ಇದೆ. ಕುಂಬಳಕಾಯಿಗೆ ಪೊಲೀಸರು ಬೇಕಾಗಲಿಲ್ಲ. ಕೈಯಲ್ಲಿದ್ದದ್ದನ್ನು ಕಿತ್ತುಕೊಳ್ಳದೆ ಇನ್ನೊಂದನ್ನು ಕೊಟ್ಟವರು ಯಾರೋ, ಅವರ ಹೆಸರೂ ಉಳಿದಿಲ್ಲ.

ಜನ್ನ ಕವಿ ಇದನ್ನು ಒಪ್ಪುತ್ತಿರಲಿಲ್ಲವೇನೋ. 1209ರ ಅವನ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟದ್ದಕ್ಕೇ ರಾಜನೂ ಅವನ ತಾಯಿಯೂ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ನರಳುತ್ತಾರೆ. ಮನಸ್ಸಿನ ಹಿಂಸೆಯನ್ನು ಅಷ್ಟು ಆಳಕ್ಕೆ ಹೋಗಿ ಕಂಡ ಕವಿಯ ಮುಂದೆ ನನ್ನ ತಲೆ ಬಾಗುತ್ತದೆ. ನನ್ನನ್ನು ನಾನು ತೂಗಿಕೊಳ್ಳಲು ಆ ತಕ್ಕಡಿ ಬೇಕು. ನೆರೆಮನೆಯವರನ್ನು ತೂಗಲು ಅದನ್ನು ಎತ್ತಿದಾಗಲೇ ನಾನು ಸೋತದ್ದು.

2024ರ ಡಿಸೆಂಬರಿನಲ್ಲಿ ಮಂಡ್ಯದ 87ನೇ ಸಾಹಿತ್ಯ ಸಮ್ಮೇಳನಕ್ಕೆ ಮುಂಚೆ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ಸೇರಿಸಿ ನಿಷೇಧದ ಸೂಚನೆ ಹೊರಬಿದ್ದಾಗ ಎದ್ದ ಸಿಟ್ಟು ನನಗೆ ಅರ್ಥವಾಯಿತು. ಬಾಗಿಲು ಮುಂದೆ ಮಾಡಿದ ಅಕ್ಕನ ಮುಖವೇ ನೆನಪಾಯಿತು.

ಈಗ ಪ್ರತಿ ವಿಜಯದಶಮಿಗೆ ಉಪ್ಪಿಟ್ಟು ನಮ್ಮ ಮನೆಯಲ್ಲಿ, ಮೆಟ್ಟಿಲ ಮೇಲೆ ಸಾಲಾಗಿ ಕೂತು ತಿನ್ನುತ್ತೇವೆ. ಕೇಳಿದವರಿಗೆ ಹಾಲು ಯಾಕೆ ಬಿಟ್ಟೆ ಎಂದು ಹೇಳುತ್ತೇನೆ, ಕರುವಿನ ಕತೆ ಪೂರ್ತಿ ಹೇಳುತ್ತೇನೆ. ಕೇಳದವರಿಗೆ ಇನ್ನೊಂದು ಸೌಟು ಬಡಿಸುತ್ತೇನೆ. ಅಕ್ಕನ ಮಗ ಕಡಲೆಕಾಯಿ ಹಾಲಿನ ಟೀ ಒಂದು ಸಲ ಕುಡಿದು ನೋಡಿದ, ಒಗ್ಗಲಿಲ್ಲ. ಮಹಾಲಯ ಅಮಾವಾಸ್ಯೆಯ ಎಡೆಯಲ್ಲಿ ಮಾಂಸ ಇವತ್ತಿಗೂ ಇದೆ. ಆ ಸಂಜೆ ಬಾಗಿಲಲ್ಲಿ ನಿಂತು ನಾನೂ ಅವರಪ್ಪನಿಗೆ ಕೈ ಮುಗಿಯುತ್ತೇನೆ.

ಈ ಹಬ್ಬಕ್ಕೆ ನಿಮ್ಮ ಮನೆಯಲ್ಲೂ ಪುರಿ ಉಳಿದರೆ ಚೆಲ್ಲಬೇಡಿ. ಮುಷ್ಟಿ ಕಟ್ಟದೆ, ಅಂಗೈಯಲ್ಲಿ ಒತ್ತಿ ಹಿಂಡಿ. ಎರಡು ತಟ್ಟೆ ಹೆಚ್ಚಿಗೆ ಮಾಡಿ, ಬಿಸಿ ಇರುವಾಗಲೇ ನೆರೆಮನೆಗೆ ಕೊಡಿ.