ನ್ಯಾಸಾಪಹಾರ: ನಂಬಿ ಒಪ್ಪಿಸಿದ ದ್ರವ್ಯ ಮತ್ತು ಸತ್ಯಾಣುವ್ರತ

ಶ್ರಾವಕನ ಪಂಚಾಣುವ್ರತಗಳಲ್ಲಿ ಎರಡನೆಯದಾದ ಸತ್ಯಾಣುವ್ರತಕ್ಕೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಹೇಳಿರುವರು. ಅವುಗಳಲ್ಲಿ ನಾಲ್ಕನೆಯದು ನ್ಯಾಸಾಪಹಾರ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬೇರೆ ಕೆಲವು ಅತಿಚಾರಗಳನ್ನು ಬದಲಿಸಿದರೂ ಇದನ್ನು ಮಾತ್ರ ಕೈಬಿಟ್ಟಿಲ್ಲ.

ನ್ಯಾಸವೆಂದರೆ ನಂಬಿ ಒಪ್ಪಿಸಿದ ಒಡವೆ. ಅದನ್ನು ನುಂಗುವುದು ಕಳವಲ್ಲವೆ, ಅಚೌರ್ಯಕ್ಕೆ ಸಲ್ಲಬೇಕಾದುದು ಸತ್ಯದ ಪಾಲಿಗೆ ಹೇಗೆ ಬಂದಿತು? ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯಲ್ಲಿ ಉತ್ತರವಿದೆ. ಒಬ್ಬನು ಚಿನ್ನ ಮೊದಲಾದುದನ್ನು ಮತ್ತೊಬ್ಬನಲ್ಲಿರಿಸಿ, ಕಾಲಾಂತರದಲ್ಲಿ ಎಣಿಕೆಯನ್ನು ಮರೆತು, ಇಟ್ಟುದಕ್ಕಿಂತ ಕಡಮೆಯನ್ನು ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪುತ್ತಾನೆ. ಇಲ್ಲಿ ಕೈ ಏನನ್ನೂ ಕದಿಯಲಿಲ್ಲ. ಕೇಳಿದುದನ್ನು ಕೊಟ್ಟದ್ದೂ ಆಯಿತು. ದೋಷವಿರುವುದು ಆ ‘ಹೌದು’ ಎಂಬ ಒಂದೇ ಮಾತಿನಲ್ಲಿ. ಸಾಕ್ಷಿಯಿಲ್ಲ, ದೂರುವವರಿಲ್ಲ, ಮೋಸಹೋದವನು ಕೃತಜ್ಞತೆಯಿಂದಲೇ ಮನೆಗೆ ಹೋಗುತ್ತಾನೆ. ಪರರ ಮರೆವಿನಲ್ಲಿಯೂ ಲೆಕ್ಕವನ್ನು ಸರಿಯಾಗಿ ನೆನೆಯಬೇಕೆಂಬ ಇಷ್ಟು ಸೂಕ್ಷ್ಮವಾದ ಹೊಣೆಯನ್ನು ಯಾವ ನ್ಯಾಯಾಲಯ ತಾನೆ ಹೊರಿಸೀತು?

ಸತ್ಯಘೋಷನ ಕಥೆ ನಮ್ಮ ಮನೆಗಳಲ್ಲಿ ಪರಿಚಿತವೇ. ಸಿಂಹಪುರದ ಆ ಪುರೋಹಿತನು, ಸುಳ್ಳಾಡಿದರೆ ನಾಲಗೆಯನ್ನು ಕತ್ತರಿಸಿಕೊಳ್ಳುವೆನೆಂದು ಯಜ್ಞೋಪವೀತಕ್ಕೆ ಕತ್ತಿಯನ್ನು ಕಟ್ಟಿಕೊಂಡಿದ್ದನು. ಜನರು ನಂಬಿದ್ದು ಆ ಕತ್ತಿಯನ್ನು. ರತ್ನಗಳನ್ನು ಕಳೆದುಕೊಂಡ ವರ್ತಕನಾದರೋ ಹುಚ್ಚನೆನಿಸಿಕೊಂಡನು. ರಾಣಿ ರಾಮದತ್ತೆಯು ಮಾತ್ರ ದಿನವೂ ಒಂದೇ ಮಾತನ್ನು ಕೂಗುವವನು ಹುಚ್ಚನಾಗಲಾರನೆಂದು ತರ್ಕಿಸಿದಳು. ರತ್ನಗಳು ದೊರೆತ ಮೇಲೂ ಸಿಂಹಸೇನ ರಾಜನು ಅವನ್ನು ಬೇರೆ ರತ್ನಗಳೊಡನೆ ಬೆರೆಸಿ ಮುಂದಿರಿಸಿದನು. ವರ್ತಕನು ತನ್ನವನ್ನಷ್ಟೇ ಆರಿಸಿಕೊಂಡನು. ಅರಮನೆಯು ಅವನನ್ನು ನಂಬಿದ್ದು ಹೀಗೆ.

ವ್ಯಕ್ತಿಯು ಬಸದಿಗೆ ಒಪ್ಪಿಸಿದ ದ್ರವ್ಯದ ವಿಷಯ ಇನ್ನೂ ಕಠಿಣವಾದುದು, ಏಕೆಂದರೆ ಅಲ್ಲಿ ಇಟ್ಟವನು ಮರಳಿ ಕೇಳಲು ಬರುವುದೇ ಇಲ್ಲ. ಶ್ರವಣಬೆಳಗೊಳದಲ್ಲಿ 13ನೆಯ ಶತಮಾನದ ಶ್ರಾವಕರು ಹಣವನ್ನಿರಿಸಿ, ಅದರ ಬಡ್ಡಿಯಿಂದ ಗೊಮ್ಮಟದೇವರ ಅಭಿಷೇಕಕ್ಕೆ ಹಾಲು ನಡೆಯುವಂತೆ ಶಾಸನ ಬರೆಯಿಸಿದರು. ದಾತನ ಪರವಾಗಿ ನೆನಪಿಡಲು ಉಳಿದುದು ಕಲ್ಲೊಂದೇ.

ಕಲ್ಲಿದ್ದರೂ ನಂಬಿಕೆ ಸಡಲಿದ್ದುಂಟು. ಅಲ್ಲಿಯ ಸ್ಥಾನಿಕರು ಕಷ್ಟಕಾಲದಲ್ಲಿ ದೇವರ ಭೂಮಿಗಳನ್ನು ವರ್ತಕ ಗೃಹಸ್ಥರಿಗೆ ಅಡವಿಟ್ಟರು. ಅಡವು ಹಿಡಿದವರು ಬಹುಕಾಲ ಅವನ್ನು ಅನುಭವಿಸಿದರು. ಇದನ್ನು ವಿಚಾರಿಸಿದ ಮೈಸೂರಿನ ಚಾಮರಾಜ ಒಡೆಯರು ಸಾಲವನ್ನು ತಾವೇ ತೀರಿಸುವೆವೆಂದರು. ಆಗ ವರ್ತಕರು ಹಣವನ್ನು ಕೊಳ್ಳದೆ, ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡವನ್ನು ಬಿಟ್ಟುಕೊಟ್ಟರು. ಗೊಮ್ಮಟಸ್ವಾಮಿಯ ಮತ್ತು ಗುರು ಚಾರುಕೀರ್ತಿ ಪಂಡಿತದೇವರ ಸನ್ನಿಧಿಯಲ್ಲಿ 1634ರಲ್ಲಿ ಇದು ನಡೆಯಿತು. ಇನ್ನು ಮುಂದೆ ಅಡವಿಡುವುದೂ ಅಡವು ಹಿಡಿಯುವುದೂ ಕೂಡದೆಂದು ಶಾಸನವಾಯಿತು. ಇಟ್ಟವನಂತೆ ಹಿಡಿದವನೂ ದೋಷಿ ಎಂದು ಎಣಿಸಿದ್ದನ್ನು ಗಮನಿಸಬೇಕು. ಇದು ಆ ಶಾಸನದ ಬಹು ದೊಡ್ಡ ವಿವೇಕವೆಂದು ನನ್ನ ಅಭಿಪ್ರಾಯ.

ಇಂದು ಬಸದಿಯ ಹುಂಡಿ, ಶಾಶ್ವತಪೂಜೆಯ ನಿಧಿ, ಆಹಾರದಾನದ ವಂತಿಗೆ ಇವೆಲ್ಲವೂ ನ್ಯಾಸಗಳೇ. ಪೂಜೆಗೆಂದು ಬಂದುದನ್ನು ಮಂಟಪದ ಸುಣ್ಣಕ್ಕೆ ಬಳಸಿ, ‘ಧರ್ಮಕ್ಕೇ ಆಯಿತಲ್ಲ’ ಎನ್ನುವ ಸಮಿತಿಯ ಮಾತು ಪೂಜ್ಯಪಾದರು ಹೇಳಿದ ‘ಹೌದು’ ಎಂಬುದಕ್ಕೆ ದೂರದ್ದಲ್ಲ. ಶ್ರಾವಕರ ಕಡೆಯೂ ಬಾಕಿಯಿದೆ. ಪರ್ವದ ದಿನ ಸವಾಲಿನಲ್ಲಿ ಎಲ್ಲರೆದುರು ಮೊತ್ತವನ್ನು ನುಡಿದು, ವರ್ಷ ತಿರುಗಿದರೂ ಸಲ್ಲಿಸದವರುಂಟು. ಕೇಳಲು ಸಮಿತಿಗೆ ಸಂಕೋಚ. ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನ ಉಪವಾಸವಿರುವವರು, ಪಾರಣೆಗೆ ಮುನ್ನ ಆ ಬಾಕಿಯನ್ನು ತೀರಿಸುವ ನಿಯಮವನ್ನು ತೆಗೆದುಕೊಳ್ಳಬಹುದು. ಸಮಿತಿಯವರು ಅದೇ ದಿನ ಯಾವ ದಾನ ಯಾವ ಕಾರ್ಯಕ್ಕೆ ಬಂದಿತು, ಎಷ್ಟು ಉಳಿದಿದೆ ಎಂಬುದನ್ನು, ದಿವಂಗತರಾದ ದಾತೃಗಳ ಹೆಸರನ್ನೂ ಬಿಡದೆ, ಬಸದಿಯಲ್ಲಿ ಗಟ್ಟಿಯಾಗಿ ಓದಲಿ.