ಕಾಲೇಜಿಗೆ ಮುನ್ನ ಒಂದು ಸೂಜಿ, ಕೆಲವು ಹೋಟೆಲು

ದ್ವಿತೀಯ ಪಿಯು ಪರೀಕ್ಷೆಯ ಕಡೆಯ ಉತ್ತರಪತ್ರಿಕೆಯನ್ನು ಒಪ್ಪಿಸಿ, ಸಿಇಟಿ ಮೊದಲಾದ ಪ್ರವೇಶಪರೀಕ್ಷೆಗಳ ಗೊಂದಲವನ್ನೂ ಕಳೆದುಕೊಂಡು, ಯಾವ ಕಾಲೇಜು, ಯಾವ ಊರು, ಯಾವ ವಸತಿಗೃಹವೆಂಬುದು ಇನ್ನೂ ನಿಶ್ಚಯವಾಗದೆ ಉಳಿದಿರುವ ಆ ಮಧ್ಯಂತರದ ವಾರಗಳು ನಮ್ಮ ತರುಣ ತರುಣಿಯರಿಗೆ ದೊರೆಯುವ ಅತ್ಯಂತ ದೀರ್ಘವಾದ ವಿರಾಮವಾಗಿದ್ದರೂ, ಅವುಗಳ ಬಹುಭಾಗವು ಫಲಿತಾಂಶದ ನಿರೀಕ್ಷೆಯಲ್ಲಿಯೂ ಮೊಬೈಲಿನ ಪರದೆಯ ಮೇಲೆಯೂ ಕರಗಿಹೋಗುವುದನ್ನು ಪ್ರತಿವರ್ಷವೂ ಕಾಣುತ್ತೇವೆ. ಬೇಸಿಗೆ ಶಿಬಿರಗಳವರು ಇದಕ್ಕೆ ಸೂಚಿಸುವ ಪರಿಹಾರವೆಂದರೆ ಹತ್ತು ದಿನಗಳಲ್ಲಿ ಹತ್ತು ಕಲೆ, ಕೊನೆಗೊಂದು ಪ್ರಮಾಣಪತ್ರ. ಅದು ನನಗೆ ಒಪ್ಪಿಗೆಯಿಲ್ಲ. ಒಂದೇ ಕೈಕಸುಬನ್ನು ಹಿಡಿದು ಅದರಲ್ಲಿ ಒಂದು ವಸ್ತುವನ್ನಾದರೂ ಪೂರ್ಣಗೊಳಿಸುವುದು, ವಾರಕ್ಕೊಂದು ಹೋಟೆಲಿಗೆ ಹೋಗಿ ಅಲ್ಲಿಯದನ್ನು ಗಮನವಿಟ್ಟು ಉಣ್ಣುವುದು, ಇಷ್ಟೇ ಸಾಕೆಂಬುದು ನನ್ನ ಅಭಿಪ್ರಾಯ.

ಮೊದಲು ಲೆಕ್ಕ ಹಾಕತಕ್ಕದ್ದು. ಮನೆಯವರು ಬೇಸಿಗೆಯ ಖರ್ಚಿಗೆಂದು ಕೊಡುವ ಹಣ ಎಷ್ಟೇ ಇರಲಿ, ಅದನ್ನು ಮೂರು ಪಾಲು ಮಾಡಿ, ಒಂದನ್ನು ಕಸುಬಿನ ಸಾಮಗ್ರಿಗೆ, ಒಂದನ್ನು ಪ್ರಯಾಣಕ್ಕೆ, ಉಳಿದುದನ್ನು ಹೋಟೆಲಿಗೆ ಮೀಸಲಿಡುವುದು ಲೇಸು; ಯುಪಿಐ ಬಂದ ಮೇಲೆ ಹಣ ಜೇಬಿನಿಂದ ಹೊರಟುದೇ ತಿಳಿಯದಾದ್ದರಿಂದ, ಹೋಟೆಲಿನ ಪಾಲನ್ನಾದರೂ ನೋಟುಗಳಲ್ಲಿ ಇಟ್ಟುಕೊಂಡರೆ ಕೈ ತಾನಾಗಿಯೇ ಬಿಗಿಯುತ್ತದೆ. ಕೌನ್ಸೆಲಿಂಗ್‌ಗೂ ದಾಖಲೆ ಪರಿಶೀಲನೆಗೂ ಬೇಕಾಗುವ ದಿನಗಳನ್ನು ಪಂಚಾಂಗದಲ್ಲಿ ಖಾಲಿ ಬಿಡಿ.

ಕಸುಬಿನ ಆಯ್ಕೆಗೆ ನನ್ನ ಶಿಫಾರಸು ಧಾರವಾಡ ಸೀಮೆಯ ಕಸೂತಿ. ಇಳಕಲ್ಲಿನ ಸೀರೆಗಳ ಮೇಲೂ ಕಪ್ಪು ಚಂದ್ರಕಾಳಿಯ ಮೇಲೂ ಗೋಪುರ, ತುಳಸೀವೃಂದಾವನ, ರಥ, ಪಲ್ಲಕ್ಕಿ, ಆನೆ, ನವಿಲುಗಳನ್ನು ಎಳೆ ಎಣಿಸಿಯೇ ಮೂಡಿಸಿದ ಈ ಕಲೆಗೆ ಯಂತ್ರವೂ ಬೇಡ, ಪ್ರತ್ಯೇಕ ಕೊಠಡಿಯೂ ಬೇಡ. ಕಿಟಕಿಯ ಬೆಳಕೊಂದಿದ್ದರೆ ಸಾಕು. ಸೂಜಿ ಹೆಂಗಸರ ಸೊತ್ತೆಂದು ಮೂಗು ಮುರಿಯುವ ಹುಡುಗರು ತಮ್ಮ ಬಡಾವಣೆಯ ದರ್ಜಿ ಯಾರೆಂಬುದನ್ನು ಒಮ್ಮೆ ನೆನೆದರೆ ಸಂಕೋಚ ನೀಗೀತು.

ಬೇಕಾದುವು ಇಷ್ಟು: ಉದ್ದಗಲದ ಎಳೆಗಳು ಸಮವಾಗಿರುವ ಮ್ಯಾಟಿ ಬಟ್ಟೆ ಅರ್ಧ ಮೀಟರು, ತುದಿ ಮೊಂಡಾದ 24ನೆಯ ನಂಬರಿನ ಸೂಜಿ, ಆರೆಳೆಯ ಹತ್ತಿದಾರದ ಎರಡು ಮೂರು ಲಡಿ, ಚಿಕ್ಕ ಕತ್ತರಿ, ಚೌಕುಳಿಯ ಗ್ರಾಫ್ ಹಾಳೆ. ಅಗ್ಗದ ಕೆಂಪು ದಾರ ನೀರಿಗೆ ಬಣ್ಣ ಬಿಡುವುದುಂಟಾದುದರಿಂದ, ಒದ್ದೆ ಮಾಡಿದ ಬಿಳಿ ಚಿಂದಿಯೊಂದರಲ್ಲಿ ದಾರದ ತುಂಡನ್ನು ಹಿಂಡಿ ನೋಡಿದ ಹೊರತು ಅದನ್ನು ಬಟ್ಟೆಗೆ ಮುಟ್ಟಿಸಬಾರದು.

ಕಸೂತಿಯ ಹೊಲಿಗೆಗಳು ನಾಲ್ಕು: ಗವಂತಿ, ಮುರಗಿ, ನೇಗಿ, ಮೆಂತೆ. ಆರಂಭಿಸುವವರು ಗವಂತಿಯನ್ನೇ ಹಿಡಿಯಬೇಕು. ಆರೆಳೆಯ ದಾರದಿಂದ ಎರಡೆಳೆಯನ್ನು ಬಿಡಿಸಿ, ಒಂದೂವರೆ ಗೇಣಿಗಿಂತ ಉದ್ದವಾಗದಂತೆ ಕತ್ತರಿಸಿ, ಗಂಟು ಹಾಕದೆಯೇ, ಹಿಂದೆ ಎರಡಂಗುಲದ ಬಾಲವೊಂದನ್ನು ಬಿಟ್ಟು ಸೂಜಿಯನ್ನು ಮೇಲೆತ್ತಿ. ಬಟ್ಟೆಯ ನಾಲ್ಕು ಎಳೆಗಳ ಮೇಲಿನಿಂದ ಒಂದು ಹೊಲಿಗೆ, ಮುಂದಿನ ನಾಲ್ಕು ಎಳೆಗಳ ಅಡಿಯಿಂದ ಒಂದು, ಹೀಗೆ ಸಾಲಿನ ಕೊನೆಯವರೆಗೆ ಸಾಗಿ, ಅಲ್ಲಿಂದ ಅದೇ ರಂಧ್ರಗಳ ಮೂಲಕ ಹಿಂದಿರುಗುತ್ತ, ಹೋಗುವಾಗ ತೆರವಾಗಿ ಉಳಿದ ಎಡೆಗಳನ್ನು ತುಂಬುತ್ತ ಬಂದರೆ, ಬಟ್ಟೆಯ ಹೊರಮೈಯಲ್ಲಿಯೂ ಒಳಮೈಯಲ್ಲಿಯೂ ಒಂದೇ ಬಗೆಯ ಅಖಂಡವಾದ ಗೆರೆ ಮೂಡುತ್ತದೆ. ಅದೇ ಗೆರೆ ಮೆಟ್ಟಿಲುಮೆಟ್ಟಿಲಾಗಿ ಏರಿಳಿದರೆ ಅದು ಮುರಗಿ. ನೇಗಿಯು ನೇಯ್ಗೆಯ ಭ್ರಮೆ ಹುಟ್ಟಿಸುವ ಓಡುಹೊಲಿಗೆ, ಮೆಂತೆಯು ಅಡ್ಡಗುಣಿಸಿನ ಹೊಲಿಗೆ. ಇವೆರಡನ್ನೂ ಮೇ ತಿಂಗಳವರೆಗೆ ಮುಟ್ಟದಿದ್ದರೂ ನಷ್ಟವಿಲ್ಲ.

ಮೂರು ದಿನ ಸರಳರೇಖೆ, ಮೂರು ದಿನ ಮೆಟ್ಟಿಲು, ತದನಂತರ ಸಣ್ಣದೊಂದು ಗೋಪುರ. ಇಲ್ಲಿಯೇ ಕಸೂತಿಯ ನಿಜವಾದ ಬುದ್ಧಿವ್ಯವಸಾಯವಿರುವುದು. ಗಂಟಿಗೆ ಅವಕಾಶವಿಲ್ಲದ, ಒಳಮೈಯಲ್ಲಿ ಅಡ್ಡಾದಿಡ್ಡಿ ದಾರ ಹಾಯಿಸಲೂ ಬಾರದ ಈ ಹೊಲಿಗೆಯಲ್ಲಿ, ಚಿತ್ರದ ಪ್ರತಿಯೊಂದು ಗೆರೆಯನ್ನೂ ಸೂಜಿಯು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಸರಿಯಾಗಿ ಎರಡು ಬಾರಿ ಕ್ರಮಿಸಿ ಹೊರಟಲ್ಲಿಗೇ ಬಂದು ನಿಲ್ಲಬೇಕು. ಆದುದರಿಂದ ಕವಲು ಎದುರಾದಾಗಲೆಲ್ಲ ಆ ಕವಲಿನ ತುದಿಯವರೆಗೆ ಹೋಗಿ, ಹಿಂದಿರುಗಿ, ಅದನ್ನು ತೀರಿಸಿಯೇ ಮುಖ್ಯಮಾರ್ಗವನ್ನು ಮತ್ತೆ ಹಿಡಿಯತಕ್ಕದ್ದು. ಗ್ರಾಫ್ ಹಾಳೆಯ ಒಂದು ಚೌಕವನ್ನು ಒಂದು ಹೊಲಿಗೆಯೆಂದು ಭಾವಿಸಿ, ಸೂಜಿ ಸಾಗುವ ದಾರಿಯನ್ನು ಪೆನ್ಸಿಲಿನ ಬಾಣಗಳಿಂದ ಮೊದಲೇ ಗುರುತಿಸಿಕೊಂಡವರಿಗೆ ತೊಡಕಿಲ್ಲ. ಎಂಜಿನಿಯರಿಂಗಿಗೆ ಹೋಗಲಿರುವವರು ಇದೇ ಲೆಕ್ಕವನ್ನು ಮುಂದೆ ಗ್ರಾಫ್ ಸಿದ್ಧಾಂತವೆಂಬ ಹೆಸರಿನಲ್ಲಿ ಸಂಧಿಸುವರು. ಧಾರವಾಡದ ಅಜ್ಜಿಯರು ಅದನ್ನು ಹಾಳೆಯ ನೆರವೂ ಇಲ್ಲದೆ ಸಾಧಿಸಿದ್ದರು. ಎಣಿಕೆ ಒಂದೆಳೆ ತಪ್ಪಿದರೆ ಗೋಪುರದ ಎರಡು ಬದಿಗಳು ಶಿಖರದಲ್ಲಿ ಕೂಡುವುದೇ ಇಲ್ಲ. ಆಗ ಸಮಜಾಯಿಷಿ ಮಾಡುವ ಪ್ರಯತ್ನ ವ್ಯರ್ಥ. ತಪ್ಪಿದ ಸ್ಥಳದವರೆಗೆ ಬಿಚ್ಚುವುದೊಂದೇ ಉಪಾಯ. ಅಚ್ಚು ಹಾಕಿದ ಬಟ್ಟೆಯ ಮೇಲೆ ಗೆರೆ ಹಿಡಿದು ಹೊಲಿಯುವ ಸಿದ್ಧ ಪೊಟ್ಟಣಗಳೂ ಮಾರುಕಟ್ಟೆಯಲ್ಲಿವೆ; ಎಣಿಸುವ ಶ್ರಮವನ್ನು ಕಳೆದ ಮೇಲೆ ಕಸೂತಿಯಲ್ಲಿ ಉಳಿಯುವುದೇನೆಂದು ನನಗೆ ತೋರದು.

ಮನೆಯ ಕೆಲಸಕ್ಕೆ ಕೈ ಕುದುರಿದ ಮೇಲೆ, ಪರರ ಕೈಚಳಕವನ್ನು ಕಣ್ಣಾರೆ ಕಾಣಲು ಬೆಂಗಳೂರಿಗರೂ ಮೈಸೂರಿನವರೂ ಒಂದು ದಿನವನ್ನು ಚನ್ನಪಟ್ಟಣಕ್ಕೆ ಮುಡಿಪಿಡಬೇಕು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು. ಆದರೆ 2023ರಲ್ಲಿ ಉದ್ಘಾಟನೆಗೊಂಡ ದಶಪಥ ಹೆದ್ದಾರಿಯು ಊರನ್ನು ಹೊರಗಿನಿಂದಲೇ ಬಳಸಿ ಹೋಗುವುದರಿಂದ, ತಡೆರಹಿತ ಬಸ್ಸು ಹತ್ತಿದವರು ಆಟಿಕೆಯ ಊರನ್ನು ಕಾಣದೆಯೇ ಮೈಸೂರು ಸೇರಿಯಾರು. ಚನ್ನಪಟ್ಟಣದಲ್ಲಿ ನಿಲ್ಲುವ ರೈಲು ವಾಸಿ. ಕಾರ್ಯಶಾಲೆಯನ್ನು ಪ್ರವೇಶಿಸುವ ಮುನ್ನ ಅನುಮತಿ ಕೇಳಿ, ಜೋಲಾಡುವ ದುಪಟ್ಟವನ್ನೂ ತೋಳನ್ನೂ ಕಟ್ಟಿಕೊಂಡು, ಲೇತ್ ಯಂತ್ರದಿಂದ ಒಂದು ಮಾರು ದೂರ ನಿಲ್ಲತಕ್ಕದ್ದು. ಬಿಳಿಯ ನುಣುಪಾದ ಹಾಲೆಮರದ ತುಂಡು ಗಿರ್ರನೆ ತಿರುಗುತ್ತಿರುವಾಗ ಕುಶಲಕರ್ಮಿಯು ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾನೆ. ಬೆಂಕಿಯಿಲ್ಲ, ಕುಂಚವಿಲ್ಲ, ಘರ್ಷಣೆಯ ಕಾವಿಗೇ ಅರಗು ಮೆತ್ತಗಾಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬಳಿಕ ಕೇದಗೆಯ ಒಣಗರಿಯೊಂದನ್ನು ಮಡಿಸಿ ಒತ್ತಿದರೆ, ಮಂಕಾಗಿದ್ದ ಕೆಂಪು ಕ್ಷಣಾರ್ಧದಲ್ಲಿ ಹೊಳೆಯತೊಡಗುತ್ತದೆ. ಈ ಗರಿಯ ಕೆಲಸವನ್ನು ತಪ್ಪದೆ ನೋಡಿ. ನೋಡಿ ಬರಿಗೈಯಲ್ಲಿ ಹೊರಡುವುದು ಸಭ್ಯತೆಯಲ್ಲ. ಒಂದು ಬುಗುರಿಯನ್ನಾದರೂ, ಚೌಕಾಸಿ ಮಾಡದೆ, ಮಾಡಿದವರಿಂದಲೇ ಕೊಳ್ಳಿ.

ಅಲ್ಲಿಂದ ಅದೇ ರೈಲುದಾರಿಯಲ್ಲಿ ಸುಮಾರು 20 ಕಿಲೋಮೀಟರು ಮುಂದೆ ಮದ್ದೂರು. 1917ರಲ್ಲಿ ಅಲ್ಲಿಯ ರೈಲುನಿಲ್ದಾಣದ ಉಪಾಹಾರಗೃಹದಲ್ಲಿ ರಾಮಚಂದ್ರ ಬುಧ್ಯರು ಮೊದಲು ಕರಿದರೆಂದು ಹೇಳಲಾಗುವ ವಡೆಯನ್ನು, ಅದು ಹುಟ್ಟಿದ ಊರಿನಲ್ಲಿಯೇ, ಬಾಣಲೆಯಿಂದ ಇಳಿದ ಬಿಸಿಯಲ್ಲಿಯೇ ತಿನ್ನಬೇಕು. ಅಕ್ಕಿಹಿಟ್ಟು, ರವೆ, ಮೈದಾ, ಅವುಗಳ ನಡುವೆ ಧಾರಾಳವಾಗಿ ಈರುಳ್ಳಿ. ಮುರಿದಾಗ ಅಂಚು ಗರಿಗರಿಯಾಗಿಯೂ ನಡು ಕೊಂಚ ಮೃದುವಾಗಿಯೂ ಇದ್ದರೆ ಅದು ಸರಿಯಾದ ವಡೆ. ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ತಂದುದು ಬೇರೆಯೇ ಪದಾರ್ಥ.

ಇನ್ನು ಬೆಂಗಳೂರಿನ ಹೋಟೆಲುಗಳು. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದು. ಅಲ್ಲಿ ದೋಸೆಗೆ ಸಾಂಬಾರಿಲ್ಲ, ತೆಳುವಾದ ಚಟ್ನಿಯಷ್ಟೆ, ಕೇಳಿ ಮುಖಭಂಗಕ್ಕೆ ಒಳಗಾಗಬೇಡಿ. ಮಾಣಿಯೊಬ್ಬನು ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದರಂತೆ ಮುಂಗೈಯಿಂದ ಭುಜದವರೆಗೆ ಪೇರಿಸಿಕೊಂಡು ಬರುವ ರೀತಿಯೂ ಒಂದು ಕೈಕಸುಬೇ. ಲಾಲ್‌ಬಾಗ್ ರಸ್ತೆಯ ಎಂಟಿಆರ್ 1924ರಲ್ಲಿ ಆರಂಭವಾದದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವವುಂಟಾದಾಗ ರವೆ ಇಡ್ಲಿ ತಮ್ಮಲ್ಲಿ ಹುಟ್ಟಿತೆಂದು ಅವರು ಹೇಳಿಕೊಳ್ಳುವುದರಿಂದ, ಮೊದಲ ಭೇಟಿಗೆ ತುಪ್ಪ, ಸಾಗುಗಳೊಂದಿಗೆ ಅದನ್ನೇ ತರಿಸಿರಿ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ನಿಂತುಕೊಂಡೇ ಇಡ್ಲಿ ವಡೆ. ಇಲ್ಲಿಯೂ ಚಟ್ನಿಯೇ ಸರ್ವಸ್ವ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಎಂಟಿಆರ್‌ಗೆ ಸೋಮವಾರ. ಭಾನುವಾರದ ಬೆಳಗಿನಲ್ಲಿ ಸರತಿ ಅಸಹನೀಯವಾದುದರಿಂದ, ಕಾಲೇಜಿನ ಹಂಗಿಲ್ಲದ ನೀವು ಮಂಗಳವಾರವನ್ನೋ ಬುಧವಾರವನ್ನೋ ಆರಿಸಿಕೊಳ್ಳಿ. ಇಬ್ಬರು ಹೋಗುವುದು ಉತ್ತಮ: ಎರಡು ಬಗೆಯ ತಿಂಡಿ, ಒಂದು ಬೈಟು ಕಾಫಿ. ಆದರೆ ಒಮ್ಮೆಯಾದರೂ ಒಂಟಿಯಾಗಿ ಹೋಗಿ, ಅಪರಿಚಿತರ ಮೇಜಿನಲ್ಲಿ ತೆರವಾದ ಕುರ್ಚಿಯನ್ನು ಕೇಳಿ ಪಡೆದು, ಉಂಡು, ಬಿಲ್ಲನ್ನು ತಾನೇ ಕೂಡಿ ನೋಡಿ ತೆತ್ತು ಬರುವ ಅಭ್ಯಾಸವಾಗಲಿ; ಪರಊರಿನ ಮೊದಲ ವಾರದಲ್ಲಿ ಇದು ಬೇಕಾಗುತ್ತದೆ.

ಬೇರೆ ಊರುಗಳವರು ಬೆಂಗಳೂರಿಗೆ ಬರುವ ಅಗತ್ಯವೇನೂ ಇಲ್ಲ. ದಾವಣಗೆರೆಯವರಿಗೆ ಬೆಣ್ಣೆದೋಸೆಯಿದೆ, ಧಾರವಾಡದವರಿಗೆ ಪೇಢೆಯಿದೆ, ಕಸೂತಿ ಹೇಳಿಕೊಡಬಲ್ಲ ಹಿರಿಯರೂ ನೆರೆಮನೆಯಲ್ಲಿಯೇ ಇದ್ದಾರು. ಬೀದರಿನವರು ಸತುವಿನ ಪಾತ್ರೆಯ ಮೇಲೆ ಬೆಳ್ಳಿಯ ತಂತಿ ಕೂರಿಸಿ ಕೋಟೆಯ ಮಣ್ಣಿನಿಂದ ಕಪ್ಪಾಗಿಸುವ ಬಿದರಿಯನ್ನು ಬಾಗಿಲಲ್ಲಿಯೇ ಕಾಣಬಹುದು.

ಜೂನಿನ ಹೊತ್ತಿಗೆ ಗೋಪುರದ ಸಾಲೊಂದು ಪೂರ್ತಿಯಾಗಿದ್ದರೆ, ಬಿಟ್ಟಿದ್ದ ಬಾಲಗಳನ್ನು ಹೊಲಿಗೆಗಳ ಅಡಿಯಲ್ಲಿ ನುಸುಳಿಸಿ ಕತ್ತರಿಸಿ, ತಣ್ಣೀರಿನಲ್ಲಿ ಹಿಂಡದೆ ತೊಳೆದು, ನೆರಳಿನಲ್ಲಿ ಆರಿಸಿ, ದಪ್ಪ ಟವೆಲಿನ ಮೇಲೆ ಹಾಸಿ ಇಸ್ತ್ರಿ ಮಾಡಿ, ಅಂಚು ಮಡಿಸಿ ದಿಂಬಿನ ಚೀಲವನ್ನಾಗಿಯೋ ಮೇಜಿನ ಹಾಸನ್ನಾಗಿಯೋ ಹೊಲಿಸಿಕೊಳ್ಳಿ. ಉಳಿದ ಮ್ಯಾಟಿಯ ತುಂಡು, ಎರಡು ಲಡಿ, ಸೂಜಿ ಇವು ವಸತಿಗೃಹದ ಪೆಟ್ಟಿಗೆಗೆ ಸೇರಲಿ. ದೂರದ ಊರಿಗೆ ವಿಮಾನದಲ್ಲಿ ಹೊರಡುವವರು ಕತ್ತರಿಯನ್ನು ಮಾತ್ರ ಕೈಚೀಲದಲ್ಲಿಡದೆ, ತೂಕ ಮಾಡಿಸಿ ಒಪ್ಪಿಸುವ ಸಾಮಾನಿನಲ್ಲಿ ಹಾಕತಕ್ಕದ್ದು.